ಕಿಸೆಯಲ್ಲಿ ಲೇಸರಿನ ಕೀಲಿ

ಬೆಳಿಗ್ಗೆ ಹತ್ತು ಗಂಟೆ ಇಪ್ಪತ್ತು ನಿಮಿಷಕ್ಕೆ ನನ್ನ ಲ್ಯಾಬಿನ ಜೊತೆಗಾತಿ ಆಂಕೆ ಪ್ರಯೋಗದ ಮೇಜಿಗೆ ಗಲ್ಲ ತಾಗಿಸಿ ಒಂದು ಕಣ್ಣು ಮುಚ್ಚಿದಳು. ರಕ್ಷಣೆಯ ಕನ್ನಡಕ ಹಣೆಯ ಮೇಲಿತ್ತು. ಲೇಸರ್ ಚಾಲೂ ಇತ್ತು.

"ಕಣ್ಣೊಳಗೆ ಏನೋ ಟಕ್ ಅಂತು. ಎದುರಿಗೆ ಕಪ್ಪು ಚುಕ್ಕಿ ನಿಂತಿದೆ," ಎಂದಳು.

ಹಾಗೆ ಬಗ್ಗುವುದನ್ನು ಕಲಿಸಿದವಳು ನಾನು. ನಮ್ಮೂರು ಶಹಾಬಾದದ ಕಲ್ಲು ಪಾಲಿಶಿನ ಅಂಗಳದಲ್ಲಿ ಅಪ್ಪ ಪ್ರತಿ ಫರಸಿಕಲ್ಲಿಗೂ ಹೀಗೆಯೇ ಕಣ್ಣಿಟ್ಟು ಉಬ್ಬುತಗ್ಗು ಹೇಳುತ್ತಿದ್ದರು. ಜರ್ಮನಿಗೆ ಬಂದ ಏಳು ತಿಂಗಳಲ್ಲಿ ನನ್ನ ಕೈಗೆ ಬಂದಿದ್ದ ಒಂದೇ ಗೆಲುವು ಅದು: ಲೇಸರ್ ಬಂದ್ ಮಾಡಿ, ಬಗ್ಗಿ, ಕನ್ನಡಿಗಳ ಮಟ್ಟ ಹೇಳುತ್ತಿದ್ದೆ. ಮೊದಲು ನಕ್ಕವರು ಆಮೇಲೆ ನನ್ನನ್ನೇ ಕರೆಯತೊಡಗಿದರು.

ಆ ಲೇಸರ್ ಕಣ್ಣಿಗೆ ಕಾಣದು. ಹರಳೊಂದರ ಮೂಲಕ ಹಾಯಿಸಿದರೆ ಅದರಿಂದ ಟೆರಾಹರ್ಟ್ಸ್ ಮಿಡಿತ ಹುಟ್ಟುತ್ತದೆ. ಸೆಕೆಂಡಿನ ಲಕ್ಷಕೋಟಿ ಪಾಲಿನಲ್ಲಿ ಒಂದು ಪಾಲು ಅದರ ಆಯುಷ್ಯ. ಕೂದಲಿಗಿಂತ ಸಾವಿರಾರು ಪಟ್ಟು ತೆಳುವಾದ ತಂತಿಯಲ್ಲಿ ಎಲೆಕ್ಟ್ರಾನ್ ಹೇಗೆ ನಡೆಯುತ್ತದೆಂದು ಅಷ್ಟರಲ್ಲೇ ಅದು ತೋರಿಸಿಬಿಡುತ್ತದೆ.

ಇಲ್ಲಿ ರಾತ್ರಿಯಾದರೆ 'ರೂಹೆ', ಅಂದರೆ ಸದ್ದು ಮಾಡಬಾರದ ಹೊತ್ತು. ಊರಲ್ಲಿ ಕಲ್ಲು ಕೊಯ್ಯುವ ಮಷೀನಿನ ಗದ್ದಲದಲ್ಲೇ ಬೆಳೆದವಳಿಗೆ ಆ ಮೌನದಲ್ಲಿ ನಿದ್ದೆ ಹತ್ತಲಿಲ್ಲ. ಕಣ್ಣು ಮುಚ್ಚಿದರೆ ಆಂಕೆ ಬಗ್ಗುತ್ತಿದ್ದಳು.

ಫೋನಿನಲ್ಲಿ ಅಪ್ಪನಿಗೆ ಎಲ್ಲ ಹೇಳಿದೆ.

"ಮಟ್ಟ ನೋಡೋದು ಕಲಿಸಿದಿ. ಫ್ಯೂಸ್ ಕಲಿಸಿದೇನು?" ಎಂದರು.

ಅದನ್ನು ಕಲಿಸಿರಲಿಲ್ಲ. ಅಪ್ಪ ಬಗ್ಗುವ ಮೊದಲು, ಯಾರೂ ಚಾಲೂ ಮಾಡದಿರಲೆಂದು, ಮಷೀನಿನ ಫ್ಯೂಸ್ ಕಿತ್ತು ಕಿಸೆಗೆ ಹಾಕಿಕೊಳ್ಳುತ್ತಿದ್ದರು.

"ಅರ್ಧಾ ಕೆಲಸ ಕಲಿಸಿ ಅಳಾಕತ್ತೀಯಲ್ಲವ್ವಾ, ಹುಚ್ಚಿ! ಪೂರಾ ಕಲಿಸು."

"ಊರಿಗೆ ಬಂದ್ಬಿಡ್ಲೇನು, ಅಪ್ಪಾ?"

"ಬಾ, ಯಾರು ಬ್ಯಾಡಂದ್ರು? ಆದ್ರ ಅಕಿ ಕಣ್ಣು ನೆಟ್ಟಗಾಗೂತನಕ ಅಲ್ಲೇ ಇರು."

ಕನ್ನಡಕ ಹಾಕದ್ದು ಅವಳದೇ ತಪ್ಪು ಎಂದು ಲ್ಯಾಬಿನವರೆಲ್ಲ ನನಗೆ ಸಮಾಧಾನ ಹೇಳಿದರು. ಅಪಘಾತದ ವರದಿಯಲ್ಲಿ ನನ್ನ ಪಾಲನ್ನೂ ಬರೆದೆ. ಕೆಳಗೆ ಒಂದು ನಿಯಮ ಸೇರಿಸಿದೆ: ಬಗ್ಗುವವರ ಕಿಸೆಯಲ್ಲೇ ಲೇಸರನ್ನು ಚಾಲೂ ಮಾಡುವ ಕೀಲಿ ಇರಬೇಕು. ಅದನ್ನು ಅಚ್ಚು ಹಾಕಿಸಿ ಬಾಗಿಲಿಗೆ ಅಂಟಿಸಿದರು.

ಐದನೆಯ ವಾರ ಆಂಕೆ ಕೆಲಸಕ್ಕೆ ಮರಳಿ ಬಂದಳು. ಚುಕ್ಕಿ ಪೂರ್ತಿ ಹೋಗಿರಲಿಲ್ಲ, ಆದರೆ ಕುಗ್ಗಿತ್ತು. ಬಾಗಿಲಿನ ಸಣ್ಣಕ್ಷರಗಳನ್ನು ಅದೇ ಕಣ್ಣಿನಿಂದ, ತಡೆತಡೆದು, ಕೊನೆಯವರೆಗೂ ಓದಿದಳು.

"ಕಲ್ಲಿನವರ ಮಗಳೇ, ಕೊಡು ಕೀಲಿ," ಎಂದು ಕೈ ಚಾಚಿದಳು. ಕಿಸೆಗೆ ಹಾಕಿಕೊಂಡು ಬಗ್ಗಿದಳು.

ಆ ರಾತ್ರಿ ನನಗೆ ನಡುವೆ ಒಮ್ಮೆಯೂ ಎಚ್ಚರವಾಗಲಿಲ್ಲ. ಬೆಳಗ್ಗೆ ಕಣ್ಣು ಬಿಟ್ಟಾಗ ಎಲ್ಲೆಡೆ ಮೌನ. ನಿದ್ದೆಗಣ್ಣಿನಲ್ಲಿ, ಊರಿನ ನಮ್ಮ ಅಂಗಳದಲ್ಲಿ ಕರೆಂಟ್ ಹೋಗಿರಬೇಕು ಎಂದುಕೊಂಡು, ಮಷೀನಿನ ಸದ್ದಿಗಾಗಿ ಕಾಯುತ್ತ ಮಲಗಿಯೇ ಇದ್ದೆ.