ಹನುಮಣ್ಣನ ಬದಲು ಕೂಗಿದ ಓ

ತಾವರಗೇರಾದ ಆಚೆಗಿನ ಕಲ್ಲಿನ ಕ್ವಾರಿ ಮುಚ್ಚಿ ಇಪ್ಪತ್ತು ವರ್ಷವಾಯಿತು. ಅಲ್ಲಿ ದುಡಿದವರಲ್ಲಿ ಈಗ ಊರಲ್ಲಿರುವವನು ಉಮರಸಾಬ ಒಬ್ಬನೇ. ಕೆಲವರು ಕೂಲಿ ಹುಡುಕಿ ಗುಳೆ ಹೋದರು, ಕೆಲವರು ಕೆಮ್ಮಿ ಕೆಮ್ಮಿ ಮಣ್ಣಾದರು. ಹೆಂಡತಿ ಇಮಾಮಬಾನು ತೀರಿಕೊಂಡ ಮೇಲೆ ಆತನನ್ನು ದಿನಕ್ಕೊಮ್ಮೆ ಮಾತಾಡಿಸುವ ಜೀವವೆಂದರೆ ಚಹಾದಂಗಡಿಯ ಕಸ್ತೂರೆಮ್ಮ, ಕ್ವಾರಿಯಲ್ಲೇ ಸತ್ತ ಹನುಮಣ್ಣನ ಹೆಂಡತಿ. ಆಕೆ ‘ಉಮರಣ್ಣ’ ಎಂದರೆ ಸಾಕು, ಅಂದು ಆತನಿಗೆ ಹೊಟ್ಟೆ ತುಂಬಿದಂತೆ.

ಒಂದು ದಿನ ಕುಷ್ಟಗಿಯಿಂದ ವಿರುಪಾಕ್ಷಿ ಮಾಸ್ತರ ಕ್ವಾರಿಯ ಇತಿಹಾಸ ಬರೆಯಲು ಬಂದ. ನೀರು ನಿಂತ ಗುಂಡಿಗೆ ಎಂಥಾ ಇತಿಹಾಸ ಎಂದು ಊರವರು ನಕ್ಕರು. ಉಮರಸಾಬ ಮಾತ್ರ ಹಬ್ಬದ ಅಂಗಿ ತೊಟ್ಟು ಕೂತ. ಉಳಿ, ಸುತ್ತಿಗೆಯಿಂದ ಶುರುವಾದದ್ದು, ಆಮೇಲೆ ಬಂಡೆ ಸಿಡಿಸುವ ಮದ್ದು ಬಂದದ್ದು ಎಲ್ಲವನ್ನೂ ಹೇಳಿದ. ಮದ್ದಿನ ಬತ್ತಿಗೆ ಬೆಂಕಿ ಇಡುವ ಮೊದಲು ಮೇಸ್ತ್ರಿ ದಂಡೆಯ ಮೇಲೆ ನಿಂತು ಒಬ್ಬೊಬ್ಬರ ಹೆಸರು ಕೂಗುತ್ತಿದ್ದ. ಮೇಲೆ ಹತ್ತಿ ಬಂದವನು ‘ಓ’ ಎನ್ನಬೇಕು.

ಮಾಸ್ತರ ಹಾಳೆ ತಿರುವಿದ. “ಹನುಮಣ್ಣ ಕುಡದು, ಕೆಳಗಿಂದನ ಓ ಅಂದು ಸತ್ತ ಅಂತ ಬರದೀನ್ರಿ. ಊರಾಗ ಎಲ್ಲಾರೂ ಹಂಗ ಹೇಳ್ತಾರ. ಖರೆ ಹೌದಲ್ರಿ?”

ನಿಜ ಏನೆಂಬುದು ಉಮರಸಾಬನೊಬ್ಬನಿಗೇ ಗೊತ್ತಿತ್ತು. ಹನುಮಣ್ಣ ಬೀಡಿ ಸೇದಲು ಆಗಾಗ ಗುಡ್ಡದ ಹಿಂದೆ ಜಾರುತ್ತಿದ್ದ. ಅವನ ಹೆಸರು ಬಂದಾಗ ಉಮರಸಾಬನೇ ‘ಓ’ ಎನ್ನುತ್ತಿದ್ದ. ಗೆಳೆಯನಿಗೆ ಅಷ್ಟೂ ಮಾಡದಿದ್ದರೆ ಹೇಗೆ? ಅಂದೂ ಹಾಗೇ ಅಂದ. ಆದರೆ ಅಂದು ಹನುಮಣ್ಣ ಮರೆತ ಹಾರೆ ತರಲು ಕೆಳಗಿಳಿದಿದ್ದ, ಮದ್ದು ಸಿಡಿದಾಗ ಗುಂಡಿಯಲ್ಲೇ ಇದ್ದ. ಆ ಓ ಸತ್ತವನದೇ ಎಂದು ಎಲ್ಲರೂ ನಂಬಿದರು. ಕುಡಿದಿದ್ದ ಎಂಬುದನ್ನು ಯಾರೋ ಪುಣ್ಯಾತ್ಮರು ಸೇರಿಸಿದರು. ಉಮರಸಾಬ ಬಾಯಿ ಬಿಡಲಿಲ್ಲ. ಮೊದಲು ಪೊಲೀಸರ ಹೆದರಿಕೆ, ಆಮೇಲೆ ಕಸ್ತೂರೆಮ್ಮ ಮಾತು ಬಿಟ್ಟಾಳೆಂಬ ಹೆದರಿಕೆ. ಇದು ಹೇಡಿತನವೇ, ಬೇರೆ ಹೆಸರಿಲ್ಲ. ಒಂಟಿಯಾದವನ ಹೇಡಿತನ ಎನ್ನಬಹುದು, ಅಷ್ಟೇ. ಆದರೆ ಸುಳ್ಳು ಅಚ್ಚಾಗುವುದನ್ನು ಆತನಿಂದ ನೋಡಲಾಗಲಿಲ್ಲ.

“ತಡೀರಿ ಮಾಸ್ತರ್ರ, ನನ್ನ ಕೂಡ ಬರ್ರಿ,” ಎಂದು ಮಾಸ್ತರನನ್ನು ಚಹಾದಂಗಡಿಗೆ ಕರೆದೊಯ್ದ. ಕಸ್ತೂರೆಮ್ಮನ ಮುಂದೆ ನಿಂತ.

“ತಂಗಿ, ಅವತ್ತ ಹನುಮಣ್ಣ ಓ ಅನ್ನಲಿಲ್ಲ. ನಾ ಅಂದೆ. ಬೀಡಿ ಸೇದಾಕ ಹೋಗ್ಯಾನ ಅಂದ್ಕೊಂಡಿದ್ದೆ.”

ಕಸ್ತೂರೆಮ್ಮ ಒಲೆ ಆರಿಸಿದಳು. “ಅವ ಕುಡದಿರಲಿಲ್ಲೇನು?”

“ಇಲ್ಲ. ಹಾರಿ ತರಾಕ ಇಳದಿದ್ದ.”

“ಇಷ್ಟು ವರ್ಷ ಅವಗ ಶಾಪಾ ಹಾಕೀನಿ. ಅವನ ಹೆಸರಿಗೆ ಒಂದಿನಾ ಎಡಿ ಇಟ್ಟಿಲ್ಲ. ನಿನಗ ದಿನಾ ಚಾ ಕೊಟ್ಟೀನಿ.” ಆಮೇಲೆ ಮಾಸ್ತರನ ಕಡೆ ತಿರುಗಿದಳು. “ಬರ್ಕೊಳ್ರಿ. ನನ್ನ ಗಂಡ ಕುಡದಿರಲಿಲ್ಲ ಅಂತ ಛಂದಂಗ ಬರ್ಕೊಳ್ರಿ.”

ಮಾಸ್ತರ ಬರೆದುಕೊಂಡ. ಆಕೆ ತನಗೂ ಏನಾದರೂ ಅಂದಾಳೇನೋ ಎಂದು ಉಮರಸಾಬ ನಿಂತೇ ಇದ್ದ.

“ನೀ ಹೋಗು,” ಎಂದಳು ಕಸ್ತೂರೆಮ್ಮ. “ಇನ್ನ ಇಲ್ಲಿ ಬರಬ್ಯಾಡ.”

ಆತ ತಲೆಯಾಡಿಸಿ ಹೊರಟ. ಅಂದಿನಿಂದ ಆತನನ್ನು ಊರಲ್ಲಿ ಯಾರೂ ಮಾತಾಡಿಸಲಿಲ್ಲ.