ಬಲಕ್ಕೆ ಹೋಗಲು ಎಡಕ್ಕೆ

ಬೈಕ್ ತಿರುಗಿಸುವುದನ್ನು ನಾನು ಕಲಿತದ್ದು ಐವತ್ತೆಂಟನೆಯ ವಯಸ್ಸಿನಲ್ಲಿ, ಅದೂ ಅಳಿಯನ ಕೈಯಲ್ಲಿ. ಹಾಗೆಂದ ಮಾತ್ರಕ್ಕೆ ಅದಕ್ಕೂ ಮೊದಲು ನನಗೆ ಬೈಕೇ ಬರುತ್ತಿರಲಿಲ್ಲವೆಂದು ತಿಳಿಯಬೇಡಿ. ಮೂವತ್ತು ವರ್ಷದಿಂದ ಓಡಿಸುತ್ತಿದ್ದೇನೆ. ನವುಲೆಯ ಮನೆಯಿಂದ ಶಿವಮೊಗ್ಗದ ಕೋರ್ಟಿಗೆ, ಕೋರ್ಟಿನಿಂದ ತರಕಾರಿಗೆ, ತರಕಾರಿಯಿಂದ ಮನೆಗೆ. ಈ ಮೂವತ್ತು ವರ್ಷದಲ್ಲಿ ಬಂದ ತಿರುವುಗಳಲ್ಲೆಲ್ಲ ಬೈಕು ತಿರುಗಿದ್ದು ನನ್ನ ದೆಸೆಯಿಂದಲೋ ಅಥವಾ ನಾನು ಮೇಲೆ ಕೂತಿದ್ದರೂ ಹೇಗೋ ಸಂಭಾಳಿಸಿಕೊಂಡೋ ಎಂಬ ಅನುಮಾನ ಮಾತ್ರ ಈಗೀಗ ಶುರುವಾಗಿದೆ.

ನಾನು ಸಿವಿಲ್ ವಕೀಲ. ಏನಾದರೂ ಎಡವಟ್ಟಾದರೆ ಮೊದಲು ನನ್ನ ತಲೆಗೆ ಬರುವುದು ‘ಏನಾಯಿತು’ ಎಂಬ ಪ್ರಶ್ನೆಯಲ್ಲ, ‘ಯಾರ ಮೇಲೆ ಹಾಕಬಹುದು’ ಎಂಬುದು. ಕೋರ್ಟಿನಲ್ಲಿ ಇದನ್ನು ಚಾತುರ್ಯ ಎನ್ನುತ್ತಾರೆ. ಕರಿ ಕೋಟನ್ನು ಮೊಳೆಗೆ ನೇತುಹಾಕಿದಂತೆ ಈ ಬುದ್ಧಿಯನ್ನೂ ಬಾಗಿಲಲ್ಲೇ ನೇತುಹಾಕಿ ಒಳಗೆ ಬರಲು ಸಾಧ್ಯವಾಗಿದ್ದರೆ ಚೆನ್ನಾಗಿತ್ತು. ಆಗುವುದಿಲ್ಲ. ನಮ್ಮ ಮನೆಯಲ್ಲಿ ಹಾಲು ಉಕ್ಕಿದರೆ ಅದು ಒಲೆಯ ತಪ್ಪು, ಕನ್ನಡಕ ಕಳೆದರೆ ಅದು ಮನೆ ಗುಡಿಸಿದವರ ತಪ್ಪು. ನನ್ನ ಹೆಂಡತಿ ಗಿರಿಜಾ ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಕಲಿಸುವವಳು. ಅವಳು ವಾದ ಮಾಡುವುದಿಲ್ಲ. ಸುಮ್ಮನಿರುತ್ತಾಳೆ. ವಾದಕ್ಕೆ ಪ್ರತಿವಾದ ಹೂಡಬಹುದು, ಸುಮ್ಮನಿರುವವರ ಎದುರು ಏನು ಹೂಡುವುದು?

ಮಗಳು ಸ್ಮಿತಾಳ ಮದುವೆ ಕಳೆದ ವರ್ಷ ಆಯಿತು. ಅಳಿಯ ಪ್ರಶಾಂತ್ ಶಂಕರಘಟ್ಟದ ವಿಶ್ವವಿದ್ಯಾಲಯದಲ್ಲಿ ಅರ್ಥಶಾಸ್ತ್ರದ ಮೇಷ್ಟ್ರು. ಅಪ್ಪ ಅಮ್ಮನ ಜೊತೆ ಭದ್ರಾವತಿಯಲ್ಲಿದ್ದುಕೊಂಡು ದಿನಾ ಬೈಕಿನಲ್ಲೇ ಓಡಾಡುತ್ತಾರೆ. ಮೃದುವಾದ ಮನುಷ್ಯ. ಏನು ಹೇಳುವ ಮೊದಲೂ ‘ತಪ್ಪು ತಿಳೀಬೇಡಿ ಮಾವ’ ಎನ್ನುವುದು ಅಭ್ಯಾಸ. ಮೊದಮೊದಲು ನನಗೆ ಇದು ಸಂಸ್ಕಾರದಂತೆ ಕಾಣುತ್ತಿತ್ತು. ಆಮೇಲೆ ಆ ಮಾತು ಕಿವಿಗೆ ಬಿದ್ದೊಡನೆ ಬೆನ್ನು ನೆಟ್ಟಗಾಗತೊಡಗಿತು.

ಒಂದು ಭಾನುವಾರ ಬೀಗರ ಮನೆಯಲ್ಲಿ ಊಟವಿತ್ತು. ಹಿಂದಿನ ದಿನ ನಮ್ಮಲ್ಲಿಗೆ ಬಂದಿದ್ದ ಮಗಳು ಅಳಿಯ ಒಂದು ಬೈಕಿನಲ್ಲಿ, ನಾನು ಗಿರಿಜಾ ಇನ್ನೊಂದರಲ್ಲಿ ಹೊರಟೆವು. ಗಿರಿಜಾಳ ತೊಡೆಯ ಮೇಲೆ ಹೋಳಿಗೆಯ ಡಬ್ಬಿ. ದೊಡ್ಡ ರಸ್ತೆಯಲ್ಲಿ ಕೆಲಸ ನಡೆಯುತ್ತಿದೆಯೆಂದು ನಾಲೆಯ ಪಕ್ಕದ ಒಳದಾರಿ ಹಿಡಿದೆವು. ಹಿರಿಯನಾದ ನಾನು ಮುಂದೆ, ಅಳಿಯ ಹಿಂದೆ. ಹಿಂದೆ ಅಳಿಯನಿದ್ದಾನೆ ಎಂಬ ಅರಿವು ಮಾವನ ಬಲಗೈಗೆ ಏನು ಮಾಡುತ್ತದೆ ಎಂಬುದನ್ನು ಅನುಭವಿಸಿದವರೇ ಬಲ್ಲರು. ನಾನು ಎಂದೂ ಹೋಗದ ವೇಗದಲ್ಲಿ ಹೋದೆ.

ಬಲಕ್ಕೊಂದು ತಿರುವು ಬಂತು. ಎಣಿಸಿದ್ದಕ್ಕಿಂತ ಬೇಗ ಬಂತು, ಎಣಿಸಿದ್ದಕ್ಕಿಂತ ಹೆಚ್ಚು ಬಾಗಿತ್ತು. ನಾನು ಹ್ಯಾಂಡಲನ್ನು ಬಲಕ್ಕೆ ತಿರುಗಿಸಿದೆ. ಬೈಕು ಎಡಕ್ಕೆ ಹೋಯಿತು. ಇನ್ನೂ ಗಟ್ಟಿಯಾಗಿ ಬಲಕ್ಕೆ ಎಳೆದೆ. ಇನ್ನೂ ನಿರ್ಧಾರದಿಂದ ಎಡಕ್ಕೆ ಹೋಯಿತು. ರಸ್ತೆಯ ಅಂಚು ಇಳಿದು, ಹುಲ್ಲಿನ ಮೇಲೆ ಜಾರಿ, ಆಗಷ್ಟೇ ನಾಟಿ ಮಾಡಿದ್ದ ಗದ್ದೆಯಲ್ಲಿ ನಿಂತಿತು. ನಿಂತದ್ದು ಬೈಕು ಮಾತ್ರ. ನಾನು ಸ್ವಲ್ಪ ಮುಂದೆ ಹೋಗಿ ಕೆಸರಿನಲ್ಲಿ ಕೂತೆ. ಗಿರಿಜಾ ಮೊಣಕಾಲವರೆಗೆ ಹೂತು, ಎರಡೂ ಕೈಯಲ್ಲಿ ಹೋಳಿಗೆ ಡಬ್ಬಿಯನ್ನು ತಲೆಯ ಮಟ್ಟಕ್ಕೆ ಎತ್ತಿ ಹಿಡಿದು ನಿಂತಿದ್ದಳು. ಯಾರಿಗೂ ಪೆಟ್ಟಾಗಿರಲಿಲ್ಲ. ಬದುವಿನ ಮೇಲಿದ್ದ ಗದ್ದೆಯ ಯಜಮಾನ ನಮ್ಮನ್ನು ನೋಡಿ, ನಂತರ ಸಸಿಗಳನ್ನು ನೋಡಿ, ‘ನಿಧಾನಕ್ಕೆ ಎದ್ದು ಬನ್ನಿ ಸ್ವಾಮಿ, ಸಾಲು ತುಳೀಬೇಡಿ’ ಎಂದ. ಪ್ರಶಾಂತ್ ಮತ್ತು ಅವನು ಸೇರಿ ಬೈಕನ್ನು ಮೇಲೆ ತಂದರು. ನಾನು ಸಾಲು ತುಳಿಯದಂತೆ ಬಂದೆ.

ಬೀಗರ ಮನೆ ಸೇರಿದ ಮೇಲೆ ಹಿತ್ತಲಿನ ನಲ್ಲಿಯಲ್ಲಿ ಕೆಸರು ತೊಳೆದುಕೊಂಡದ್ದಾಯಿತು. ಬೀಗರು ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದವರು, ಆಳು ನನ್ನ ಎರಡರಷ್ಟು. ಅವರ ಪಂಚೆ ಉಟ್ಟೆ, ಅವರ ಅಂಗಿ ತೊಟ್ಟೆ. ಅಂಗಿಯ ಹೆಗಲು ನನ್ನ ಮೊಣಕೈ ಹತ್ತಿರ ಬಂತು. ಮಗಳ ಅತ್ತೆಮನೆಯಲ್ಲಿ, ಮಗಳ ಮಾವನ ಅಂಗಿಯೊಳಗೆ ಎಲ್ಲೋ ಒಂದು ಕಡೆ ನಾನಿದ್ದುಕೊಂಡು ಊಟಕ್ಕೆ ಕೂತೆ.

‘ಏನಾಯ್ತು ಬೀಗರೇ, ನಾಯಿ ಗೀಯಿ ಅಡ್ಡ ಬಂತಾ?’ ಎಂದು ಬೀಗರು ಕೇಳಿದರು. ಕರುಣೆಯಿಂದ ಒಂದು ನಾಯಿಯನ್ನೇ ನನ್ನ ಕೈಗೆ ಕೊಟ್ಟಿದ್ದರು. ಅದನ್ನಾದರೂ ತೆಗೆದುಕೊಳ್ಳಬಹುದಿತ್ತು. ನಾನು ಹೇಳಿದ್ದು ಬೇರೆ.

‘ನಾಯಿ ಏನೂ ಇಲ್ಲ. ತಿರುವಿನಲ್ಲಿ ಇವಳು ಹಿಂದೆ ಎಡಕ್ಕೆ ವಾಲಿಬಿಟ್ಲು. ಹಿಂದೆ ಕೂತೋರು ವಾಲಿದ್ರೆ ಓಡಿಸೋನು ಏನು ಮಾಡಕ್ಕಾಗುತ್ತೆ?’

ಬೀಗಿತ್ತಿ ಆಗ ಗಿರಿಜಾಳಿಗೆ ಸಾರು ಬಡಿಸುತ್ತಿದ್ದರು. ಗಿರಿಜಾ ತಟ್ಟೆಯ ಮೇಲೆ ಕೈ ಅಡ್ಡ ಹಿಡಿದು ‘ಸಾಕು’ ಎಂದಳು. ಅದು ಸಾರಿಗೆ ಹೇಳಿದ್ದೋ ನನಗೆ ಹೇಳಿದ್ದೋ ತಿಳಿಯಲಿಲ್ಲ. ಪ್ರಶಾಂತ್ ತಲೆ ತಗ್ಗಿಸಿ ಹೋಳಿಗೆಯನ್ನು ಸಣ್ಣ ಸಣ್ಣ ಚೂರು ಮಾಡಿದರು. ಬಹಳ ಹೊತ್ತು ಮಾಡಿದರು.

ಹೊರಡುವ ಹೊತ್ತಿಗೆ ಗಿರಿಜಾ ಚಪ್ಪಲಿ ಮೆಟ್ಟಿಕೊಳ್ಳುತ್ತಾ, ‘ನಾನು ಬಸ್ಸಲ್ಲಿ ಬರ್ತೀನಿ’ ಎಂದಳು. ಸಿಟ್ಟಿನ ದನಿಯಲ್ಲ. ನಾಳೆ ಶಾಲೆಗೆ ರಜೆ ಇಲ್ಲ ಎನ್ನುವಷ್ಟೇ ಸಾದಾ ದನಿ. ಸ್ಮಿತಾ ಅವಳನ್ನು ಬಸ್‌ಸ್ಟ್ಯಾಂಡಿಗೆ ಕರೆದುಕೊಂಡು ಹೋದಳು. ಗೇಟಿನ ಹತ್ತಿರ ಉಳಿದದ್ದು ನಾನು, ಅಳಿಯ, ಒಣಗಿದ ಕೆಸರು ಮೆತ್ತಿದ ಬೈಕು.

‘ತಪ್ಪು ತಿಳೀಬೇಡಿ ಮಾವ,’ ಎಂದರು ಪ್ರಶಾಂತ್. ‘ಅತ್ತೆ ವಾಲಲಿಲ್ಲ. ನಾನು ಹಿಂದೇನೇ ಇದ್ದೆ, ನೋಡ್ತಾ ಇದ್ದೆ.’

ನಾನು ಬೈಕಿನ ಕನ್ನಡಿಯ ಕೆಸರನ್ನು ಉಗುರಿನಿಂದ ಕೆರೆದೆ. ‘ಮತ್ತೆ ಬೈಕ್ ಯಾಕೆ ಎಡಕ್ಕೆ ಹೋಯ್ತು?’

‘ನೀವು ಬಲಕ್ಕೆ ತಿರುಗಿಸಿದ್ರಿ. ಅದಕ್ಕೇ ಎಡಕ್ಕೆ ಹೋಯ್ತು.’

ಈ ವಾದವನ್ನು ಯಾವ ನ್ಯಾಯಾಲಯವೂ ಮೊದಲ ದಿನವೇ ವಜಾ ಮಾಡುತ್ತದೆ ಎಂದುಕೊಂಡು ಮನೆಗೆ ಬಂದೆ.

ಆದರೆ ಗಿರಿಜಾ ಮರುದಿನವೂ ಬಸ್ಸಿಗೇ ಹೋದಳು. ಅಷ್ಟು ವರ್ಷ ಕೋರ್ಟಿಗೆ ಹೋಗುವ ದಾರಿಯಲ್ಲಿ ಅವಳನ್ನು ಶಾಲೆಗೆ ಬಿಡುತ್ತಿದ್ದವನು ನಾನು. ಸೋಮವಾರ ನಾನು ಬೈಕ್ ಹೊರಗೆ ತೆಗೆಯುವಷ್ಟರಲ್ಲಿ ಅವಳು ಸ್ಟಾಪಿನಲ್ಲಿದ್ದಳು. ಅವಳ ಮುಂದೆಯೇ ನಾನು ಖಾಲಿ ಸೀಟಿನೊಂದಿಗೆ ಹಾದುಹೋಗಬೇಕು. ಅವಳು ಬೇರೆ ಕಡೆ ನೋಡಿದ್ದರೆ ವಾಸಿಯಿತ್ತು, ಪರಿಚಯದವರಿಗೆ ಮಾಡುವಂತೆ ಕೈ ಬೀಸಿದಳು. ವಾರವಿಡೀ ಹೀಗೇ ನಡೆಯಿತು. ಹೆಂಡತಿ ಕೂರದ ಹಿಂದಿನ ಸೀಟು ಎಷ್ಟು ಉದ್ದವಾಗಿರುತ್ತದೆ ಎಂಬುದು ನನಗೆ ಮೊದಲ ಸಲ ಗೊತ್ತಾಯಿತು.

ಮುಂದಿನ ಭಾನುವಾರ ಪ್ರಶಾಂತ್ ಒಬ್ಬರೇ ಬಂದರು. ಬಂದವರು ಗಿರಿಜಾಳ ಹತ್ತಿರ ನೆಲ ಒರೆಸುವ ಕೋಲು ಕೇಳಿ ತಂದು, ಅದನ್ನು ನನ್ನ ಅಂಗೈ ಮೇಲೆ ನೆಟ್ಟಗೆ ನಿಲ್ಲಿಸಿದರು. ಚಿಕ್ಕಂದಿನಲ್ಲಿ ನಾವೆಲ್ಲ ಆಡಿದ ಆಟವೇ.

‘ಈಗ ಕೋಲು ಬಲಕ್ಕೆ ಬಾಗಬೇಕು ಮಾವ. ಇನ್ನೊಂದು ಕೈ ಮುಟ್ಟಿಸಬೇಡಿ.’

ನಾನು ಅಂಗೈಯನ್ನು ಬಲಕ್ಕೆ ಸರಿಸಿದೆ. ಕೋಲು ಎಡಕ್ಕೆ ಬಿತ್ತು. ಮತ್ತೆ ನಿಲ್ಲಿಸಿಕೊಂಡೆ. ಈ ಸಲ ಕೈಯನ್ನು ಒಂಚೂರು ಎಡಕ್ಕೆ ಜರುಗಿಸಿದೆ. ಕೋಲು ಬಲಕ್ಕೆ ಬಾಗಿತು.

‘ಅಷ್ಟೇ. ನಿಮ್ಮ ಅಂಗೈ ಇದೆಯಲ್ಲ, ಅದು ಚಕ್ರ. ಕೋಲು ಅಂದ್ರೆ ಬೈಕು, ಮೇಲೆ ಕೂತಿರೋ ನಾವು. ವೇಗದಲ್ಲಿದ್ದಾಗ ಬೈಕು ಬಾಗದೆ ತಿರುಗಲ್ಲ. ಬಲಕ್ಕೆ ಬಾಗಬೇಕು ಅಂದ್ರೆ ಕೆಳಗಿನ ಚಕ್ರ ಒಂದು ಕ್ಷಣ ಎಡಕ್ಕೆ ಹೋಗಬೇಕು. ಬಾಗಿದ ಮೇಲೆ ಚಕ್ರ ತಾನೇ ಬಲಕ್ಕೆ ಬರುತ್ತೆ.’

ನಮ್ಮ ಬಡಾವಣೆಯ ಹಿಂದೆ ರಸ್ತೆ, ದೀಪದ ಕಂಬ ಎಲ್ಲ ಇದ್ದು ಮನೆಗಳು ಮಾತ್ರ ಇನ್ನೂ ಬಾರದ ಹೊಸ ಲೇಔಟೊಂದಿದೆ. ಅಲ್ಲಿಗೆ ಹೋದೆವು. ಪ್ರಶಾಂತ್ ಹೇಳಿಕೊಟ್ಟ ಪಾಠ ಇಷ್ಟು: ಬಲಕ್ಕೆ ಹೋಗಬೇಕೆಂದರೆ ಬಲಗೈಯಿಂದ ಬಲಗಡೆಯ ಹಿಡಿಯನ್ನು ಮೆಲ್ಲಗೆ ಮುಂದಕ್ಕೆ ಒತ್ತಬೇಕು, ಆಗ ಚಕ್ರ ಒಂಚೂರು ಎಡಕ್ಕೆ ಹೊರಳುತ್ತದೆ. ಎಡಕ್ಕೆಂದರೆ ಎಡಗಡೆಯದನ್ನು. ಕಣ್ಣು ನಾವು ಬಿದ್ದೇವು ಎನ್ನುವ ಜಾಗದ ಮೇಲಲ್ಲ, ಹೋಗಬೇಕಾದ ಜಾಗದ ಮೇಲಿರಬೇಕು. ನಡಿಗೆಯಷ್ಟು ನಿಧಾನದಲ್ಲಿ ಇದೆಲ್ಲ ಬೇಕಿಲ್ಲ, ಎತ್ತ ತಿರುಗಿಸಿದರೆ ಅತ್ತ ಹೋಗುತ್ತದೆ.

ನಾನು ಆಕ್ಷೇಪಣೆ ಸಲ್ಲಿಸಿದೆ. ‘ಹಾಗಾದ್ರೆ ಮೂವತ್ತು ವರ್ಷ ನಾನು ಹೇಗೆ ತಿರುಗಿದೆ?’

‘ತಪ್ಪು ತಿಳೀಬೇಡಿ ಮಾವ, ಒತ್ತೇ ತಿರುಗಿದ್ದೀರಿ. ಎಲ್ಲರೂ ಒತ್ತೇ ತಿರುಗೋದು. ಕೈಗೆ ಗೊತ್ತಿರುತ್ತೆ, ನಮಗೆ ಗೊತ್ತಿರಲ್ಲ. ಹೆದರಿದಾಗ ಮಾತ್ರ ಕೈಗೆ ಬಿಡದೆ ನಾವೇ ಓಡಿಸಕ್ಕೆ ಹೋಗ್ತೀವಿ. ಕಾಲೇಜಲ್ಲಿ ನಾನೂ ಹೀಗೇ ಹೋಗಿ ಬಿದ್ದಿದ್ದೆ.’

ಈ ಮಾತು ನನ್ನನ್ನು ಬಹಳ ದಿನ ಕಾಡಿತು. ನಾವು ಮಾತಾಡುವುದೂ ಹೀಗೆಯೇ ಅಲ್ಲವೇ? ಎರಡು ವರ್ಷದ ಕೂಸು ಅವನು ಬಂದ, ಅವಳು ಬಂದಳು ಎಂದು ತಪ್ಪದೆ ಹೇಳುತ್ತದೆ. ವ್ಯಾಕರಣ ಅದರ ನಾಲಗೆಗೆ ಗೊತ್ತು, ಅದಕ್ಕೆ ಗೊತ್ತಿಲ್ಲ. ಅದೇ ಕೂಸನ್ನು ಹತ್ತು ವರ್ಷದ ಮೇಲೆ ವೇದಿಕೆ ಹತ್ತಿಸಿ ಭಾಷಣ ಮಾಡು ಎನ್ನಿ, ಹೆದರಿಕೆಯಲ್ಲಿ ನೆಟ್ಟಗೆ ಒಂದು ವಾಕ್ಯ ಮುಗಿಯುವುದಿಲ್ಲ. ಬಾವಿಗೆ ಇಳಿದವನು, ಮರ ಹತ್ತಿದವನು, ಓಡುತ್ತಾ ಓಡುತ್ತಾ ಗಕ್ಕನೆ ಬಲಕ್ಕೆ ಹೊರಳುವಾಗ ಎಡಗಾಲನ್ನು ನೆಲಕ್ಕೆ ಒದೆಯುವ ಕಬಡ್ಡಿ ಆಟಗಾರ, ಯಾರೂ ಲೆಕ್ಕ ಹಾಕಿ ಮಾಡುವುದಿಲ್ಲ. ಮೈ ಮಾಡುತ್ತದೆ. ಬುದ್ಧಿವಂತಿಕೆಯೆಂದು ನಾನು ಇಷ್ಟು ದಿನ ಹೆಮ್ಮೆಪಟ್ಟದ್ದು ಇಕ್ಕಟ್ಟಿನಲ್ಲಿ ಮಾತ್ರ ಮೈಮೇಲೆ ಬರುತ್ತದೆ, ಬಂದು ಗದ್ದೆಗೆ ಕರೆದೊಯ್ಯುತ್ತದೆ. ಊಟದ ತಟ್ಟೆಯ ಮುಂದೆಯೂ ಅದೇ ಬಂದದ್ದು.

ಮೊದಲ ಸುತ್ತುಗಳಲ್ಲಿ ಒತ್ತಲು ಧೈರ್ಯ ಸಾಲಲಿಲ್ಲ. ನಾಲ್ಕಾರು ಸಲ ತಿರುವು ಬಂದಾಗಲೂ ಕೈ ಗಟ್ಟಿಯಾಗಿ ಬೈಕ್ ನಿಲ್ಲಿಸಿಬಿಟ್ಟೆ. ಅಳಿಯ ಪಕ್ಕದಲ್ಲಿ ಓಡೋಡಿ ಬರುತ್ತಿದ್ದರು. ವಾಕಿಂಗಿಗೆ ಬಂದ ನೆರೆಮನೆಯ ನಿವೃತ್ತ ಮೇಷ್ಟ್ರು ನಿಂತು ನೋಡಿ, ‘ಏನ್ ಲಾಯರ್ ಸಾಹೇಬ್ರೇ, ಬೈಕ್ ಕಲೀತಿದ್ದೀರಾ?’ ಎಂದರು. ಅಳಿಯನಿಗೆ ಹೇಳಿಕೊಡುತ್ತಿದ್ದೇನೆ ಎನ್ನುವ ಉತ್ತರ ನಾಲಗೆಯ ತುದಿಯಲ್ಲೇ ಇತ್ತು. ಪ್ರಶಾಂತ್ ಬಹುಶಃ ಅದಕ್ಕೂ ತಲೆಯಾಡಿಸುತ್ತಿದ್ದರು. ‘ಹೌದು, ಕಲೀತಿದ್ದೀನಿ’ ಎಂದೆ. ಕಿವಿಯವರೆಗೆ ಬಿಸಿಯಾಯಿತು. ಆದರೆ ಮುಂದಿನ ಸುತ್ತಿನಲ್ಲಿ ಬಲಗೈಯನ್ನು ಮುಂದಕ್ಕೆ ಒತ್ತಿದೆ. ಬೈಕು ಹೇಳಿದ ಮಾತು ಕೇಳುವ ಎತ್ತಿನಂತೆ ಬಲಕ್ಕೆ ಬಾಗಿ, ತಿರುವಿನ ಒಳಗೆ ಹೋಗಿ, ಆಚೆ ಬಂತು. ನಾನು ಬಿದ್ದಿರಲಿಲ್ಲ. ಇನ್ನೊಂದು ಸಲ ಮಾಡಿದೆ. ಕತ್ತಲಾಗುವವರೆಗೆ ಮಾಡಿದೆ.

ಮನೆಗೆ ಬಂದಾಗ ಗಿರಿಜಾ ಅಡುಗೆಮನೆಯಲ್ಲಿ ಚಪಾತಿ ಲಟ್ಟಿಸುತ್ತಿದ್ದಳು. ಬಾಗಿಲಲ್ಲಿ ನಿಂತು, ‘ಅವತ್ತು ನೀನು ವಾಲಿರಲಿಲ್ಲ’ ಎಂದೆ.

‘ನಂಗೆ ಗೊತ್ತಲ್ಲ ಅದು,’ ಎಂದಳು. ‘ಗೊತ್ತಿಲ್ಲದೆ ಇರೋರಿಗೆ ಹೇಳ್ರೀ.’

ಗೊತ್ತಿಲ್ಲದವರು ಭದ್ರಾವತಿಯಲ್ಲಿದ್ದರು. ತಿಂಗಳೊಳಗೆ ಒಂದು ಶನಿವಾರ ಗಿರಿಜಾ ಬಸ್ಸಿನಲ್ಲಿ ಮಗಳ ಮನೆಗೆ ಹೋದಳು, ಭಾನುವಾರ ನಾನು ಬೈಕಿನಲ್ಲಿ ಹೋದೆ. ದಾರಿಯುದ್ದಕ್ಕೂ ಹೇಳಬೇಕಾದ ಮಾತನ್ನು ಕಟ್ಟಿದೆ, ಕೆಡವಿದೆ. ಕೋರ್ಟಿನಲ್ಲಿ ಎಷ್ಟೋ ಸಲ ಕ್ಷಮಾಪಣೆ ಪತ್ರಗಳನ್ನು ನಾನೇ ಬರೆದುಕೊಟ್ಟಿದ್ದೇನೆ. ಅವೆಲ್ಲ ಎಷ್ಟು ಉದ್ದವಾಗಿರುತ್ತವೆಂದರೆ ಕೊನೆಗೆ ತಪ್ಪು ಎಲ್ಲಿತ್ತೆಂದು ಹುಡುಕಬೇಕಾಗುತ್ತದೆ. ಇಲ್ಲಿ ಆ ಉದ್ದ ಸಿಗಲಿಲ್ಲ. ಎಲ್ಲರೂ ಊಟಕ್ಕೆ ಕೂತ ಮೇಲೆ, ಅನ್ನದ ಮೇಲೆ ಕೈಯಿಟ್ಟುಕೊಂಡು, ಯಾರ ಮುಖವನ್ನೂ ನೋಡದೆ ಹೇಳಿದೆ:

‘ಬೀಗರೇ, ಅವತ್ತು ಗಿರಿಜಾ ವಾಲಿರಲಿಲ್ಲ. ನಾನೇ ಹೆದರಿಕೊಂಡು ತಪ್ಪಾಗಿ ತಿರುಗಿಸಿದ್ದು. ಇವಳ ಮೇಲೆ ಹಾಕಿದೆ.’

ಬೀಗರು ಕೆಮ್ಮಿದರು. ಉತ್ತರ ಕೊಟ್ಟವರು ಬೀಗಿತ್ತಿ. ‘ಗಿರಿಜಮ್ಮ ವಾಲಿಲ್ಲ ಅಂತ ನಮಗೆ ಅವತ್ತೇ ಗೊತ್ತಿತ್ತು ಬೀಗರೇ. ನೀವು ಹೇಳ್ತೀರೋ ಇಲ್ವೋ ಅನ್ನೋದಷ್ಟೇ ಗೊತ್ತಿರ್ಲಿಲ್ಲ. ಅನ್ನ ಆರುತ್ತೆ, ಊಟ ಮಾಡಿ.’

ನನ್ನ ಅಂಗಿಯೇ ಮೈಮೇಲಿತ್ತು. ಆದರೂ ಅವತ್ತಿಗಿಂತ ಚಿಕ್ಕವನಾಗಿ ಕೂತು ಉಂಡೆ. ಸ್ಮಿತಾ ನನಗೆ ಕೇಳದೆಯೇ ಇನ್ನೊಂದು ಚಮಚ ತುಪ್ಪ ಹಾಕಿದಳು.

ಹೊರಡುವಾಗ ಗಿರಿಜಾ ತನ್ನ ಚೀಲವನ್ನು ಬೈಕಿನ ಕೊಕ್ಕೆಗೆ ಸಿಕ್ಕಿಸಿ, ಸೆರಗು ಸೊಂಟಕ್ಕೆ ಸಿಗಿಸಿಕೊಂಡು, ಹಿಂದೆ ಕೂತಳು. ನಾಲೆಯ ದಾರಿಯನ್ನೇ ಹಿಡಿದೆ. ಅದೇ ತಿರುವು, ಹೋಗುವಾಗಿನ ಬಲ ಬರುವಾಗ ಎಡವಾಗಿತ್ತು. ವೇಗ ಇಳಿಸಿದೆ, ತಿರುವಿನ ಆಚೆಯ ರಸ್ತೆಯನ್ನು ನೋಡಿದೆ, ಎಡಗೈಯನ್ನು ಮೆಲ್ಲಗೆ ಮುಂದಕ್ಕೆ ಒತ್ತಿದೆ. ಬೈಕು ಬಾಗಿತು, ಜೊತೆಗೆ ನಾವಿಬ್ಬರೂ ಬಾಗಿದೆವು, ನೇರವಾದೆವು. ಇಷ್ಟು ಚೆನ್ನಾಗಿ ನಾನು ಜೀವಮಾನದಲ್ಲಿ ತಿರುಗಿರಲಿಲ್ಲ. ಹಿಂದಿನಿಂದ ಏನಾದರೂ ಮಾತು ಬಂದೀತೆಂದು ಸ್ವಲ್ಪ ದೂರ ಕಾದೆ. ಬರಲಿಲ್ಲ. ತಡೆಯಲಾರದೆ ನಾನೇ ಕೇಳಿದೆ.

‘ಹೇಗಿತ್ತು?’

‘ಯಾವುದು?’

‘ತಿರುವು.’

‘ತಿರುವು ಬಂತಾ?’ ಎಂದಳು ಗಿರಿಜಾ. ‘ನಾನು ಬೆಳ್ಳಕ್ಕಿ ನೋಡ್ತಾ ಇದ್ದೆ ಕಣ್ರೀ. ಗದ್ದೆ ತುಂಬ ಕೂತಿದ್ವು.’

ಕೇಳಿದ್ದಕ್ಕೆ ನಾಚಿಕೆಯಾಯಿತು. ಅವಳ ಆ ಮಾತಿಗಿಂತ ದೊಡ್ಡ ಪ್ರಶಸ್ತಿ ಇಲ್ಲವೆಂಬುದು ಹೊಳೆಯುವಷ್ಟರಲ್ಲಿ ಶಿವಮೊಗ್ಗದ ಮನೆಗಳು ಕಾಣತೊಡಗಿದ್ದವು.