ಮುಗಿಸದೆ ಬಿಟ್ಟ ದೂರು

ಆ ಜಿಲ್ಲಾ ಕಚೇರಿಯಲ್ಲಿ ಯಾರ ಫೈಲು ಕಾಣೆಯಾದರೂ ಮೊದಲು ನೆನಪಾಗುತ್ತಿದ್ದವನು ಮಾಗ್ನೆ ಹೋವ್ಲಾಂಡ್. ನಾರ್ವೆಯ ಪಶ್ಚಿಮ ಕರಾವಳಿಯಲ್ಲಿ ನೀರಿನಂಚಿಗೆ ನಿಂತ ದೊಡ್ಡ ಕಟ್ಟಡ, ಸಾವಿರಾರು ಜನ, ಎಲ್ಲರ ಫೈಲುಗಳೂ ಕ್ಲೌಡ್‌ನಲ್ಲಿ. ಒಬ್ಬರು ತಮ್ಮ ಕಂಪ್ಯೂಟರಿನಲ್ಲಿ ತಿದ್ದಿದ್ದು ಉಳಿದವರ ಕಂಪ್ಯೂಟರಿನಲ್ಲೂ ತಾನಾಗಿ ತಿದ್ದಿಕೊಳ್ಳಬೇಕು; ಅದಕ್ಕೆ ಸಿಂಕ್ ಎನ್ನುತ್ತಾರೆ. ಅದು ಕೈಕೊಟ್ಟಾಗ ಮಾಗ್ನೆಯ ಹೆಸರಿಗೊಂದು ದೂರು ದಾಖಲಾಗಿ ಅವನಿಗೆ ಬುಲಾವ್; ಸರಿಪಡಿಸಿದ ಮೇಲೆ ದೂರಿನ ಮುಂದೆ ‘ಮುಗೀತು’ ಎಂದು ಹಾಕಬೇಕು. ಫೋನಿನಲ್ಲೇ ‘ಆಫ್ ಮಾಡಿ ಆನ್ ಮಾಡಿ’ ಎಂದು ಕೈತೊಳೆದುಕೊಳ್ಳುವ ಪೈಕಿಯವನಲ್ಲ ಅವನು. ಮೆಟ್ಟಿಲು ಹತ್ತಿ ಬಂದು, ಪಕ್ಕದ ಕುರ್ಚಿಯಲ್ಲಿ ಕೂತು, ಕೀಲಿಮಣೆ ಮುಟ್ಟದೆ, “ದಿನಾ ಹೇಗೆ ಮಾಡ್ತೀಯೋ ಹಾಗೇ ಮಾಡಿ ತೋರ್ಸು” ಎನ್ನುತ್ತಿದ್ದ. ಎದ್ದು ಹೋಗುವಷ್ಟರಲ್ಲಿ ಒಂದು ಫ್ಲಾಸ್ಕ್ ಕಾಫಿ ಖಾಲಿಯಾಗಿರುತ್ತಿತ್ತು. ಕೆಲಸ ನಿಧಾನ ಎಂದು ಮೇಲಿನವರು ಗೊಣಗುತ್ತಿದ್ದರು. ಗೊಣಗುವುದಕ್ಕೆ ಅವರಿಗೂ ಸಂಬಳ ಬರುತ್ತದಲ್ಲ.

ಟೋರಿಲ್ ಮೀರ್ವಾಂಗ್ ಕೂರುತ್ತಿದ್ದದ್ದು ಮೂರನೆಯ ಮಹಡಿಯಲ್ಲಿ. ದ್ವೀಪಗಳ ಮಕ್ಕಳನ್ನು ಶಾಲೆಗೆ ತರುವ ಬೋಟುಗಳ ವೇಳಾಪಟ್ಟಿ ಅವಳದು. ಅರ್ಧ ಆಯಸ್ಸು ಅದರಲ್ಲೇ ಸವೆದಿತ್ತು, ಒಂದು ತಪ್ಪಿಲ್ಲ. ಆ ಚಳಿಗಾಲ ಮಾತ್ರ ಅವಳ ಫೈಲುಗಳು ಹಿಂದಕ್ಕೆ ನಡೆಯತೊಡಗಿದವು. ವಾರವಿಡೀ ತಿದ್ದಿಟ್ಟದ್ದು ಸೋಮವಾರ ಬಂದು ನೋಡಿದರೆ ಹಳೆಯದಾಗಿರುತ್ತಿತ್ತು. ಒಮ್ಮೆಯಂತೂ ಹೊಸ ಪಟ್ಟಿಯೇ ಇಲ್ಲವಾಗಿ, ಬೋಟಿನವರು ಹಿಂದಿನ ವರ್ಷದ ವೇಳೆ ಹಿಡಿದರು. ಮಕ್ಕಳು ಹಿಮ ಬೆರೆತ ಮಳೆಯಲ್ಲಿ ಕಟ್ಟೆಯ ಮೇಲೆ ನಡುಗುತ್ತಾ ನಿಂತಿದ್ದರು.

ಅವಳನ್ನು ಯಾರೂ ಬೈಯಲಿಲ್ಲ. ಆ ಕಡೆಯವರು ಬೈಯುವುದಿಲ್ಲ, ಸುಮ್ಮನಾಗಿಬಿಡುತ್ತಾರೆ. ನನ್ನನ್ನು ಕೇಳಿದರೆ ಬೈಗುಳವೇ ವಾಸಿ.

ಟೋರಿಲ್‌ಳ ತಾಯಿ ಇದೇ ವಯಸ್ಸಿನಲ್ಲಿ ಮರೆಯತೊಡಗಿದವಳು. ಕೊನೆಗೆ ಮಗಳನ್ನೇ ಗುರುತಿಸದೆ ಕಣ್ಣುಮುಚ್ಚಿದ್ದಳು. ಅದು ಮಾಗ್ನೆಗೆ ಗೊತ್ತಿತ್ತು. ಆದ್ದರಿಂದ ಅವಳು ಕಾಫಿ ಬಗ್ಗಿಸುತ್ತಾ ಕೇಳಿದ ಪ್ರಶ್ನೆ ಅವನಿಗೆ ನೇರ ಎದೆಗೆ ತಾಗಿತು.

“ಕೆಟ್ಟಿರೋದು ಮೆಷೀನಾ, ನಾನಾ? ಅದೊಂದು ಹೇಳ್ಬಿಡು ಮಾಗ್ನೆ.”

ಅವಳ ಕಂಪ್ಯೂಟರಿನಲ್ಲಿ ಯಾವ ದೋಷವೂ ಸಿಗಲಿಲ್ಲ. ಶುಕ್ರವಾರ ಎಲ್ಲರೂ ದೋಸೆಯಂಥ ಬಿಸಿ ವಾಫಲ್ ತಿನ್ನುತ್ತಾ ನಿಂತಿದ್ದಾಗ ಯಾರೋ ಟೋರಿಲ್‌ಳ ಬಿಸಿಲಿಗೆ ಕೆಂಪಾದ ಮೂಗನ್ನು ಕಿಚಾಯಿಸಿದರು: ಭಾನುವಾರವೆಲ್ಲ ಬೆಟ್ಟದಲ್ಲಿ ಹಿಮದ ಮೇಲೆ ಜಾರುತ್ತಿದ್ದಳೆಂದು ಮೂಗೇ ಹೇಳುತ್ತಿದೆ ಎಂದು. ಮಾಗ್ನೆಯ ಬಾಯಿಯ ತುಂಡು ಬಾಯಲ್ಲೇ ಉಳಿಯಿತು. ಫೈಲುಗಳು ಹಿಂದಕ್ಕೆ ಹೋಗುತ್ತಿದ್ದದ್ದು ಅವಳು ವಾರದ ಕೊನೆಗೆ ತನ್ನ ಬೆಟ್ಟದ ಮನೆಗೆ ಹೋಗಿ ಬಂದ ಮೇಲೇ.

ಅಲ್ಲಿನ ಜನ ರಜೆಗೆಂದು ಕಟ್ಟಿಕೊಂಡ ಬೆಟ್ಟದ ಮನೆಗೆ ಕಚೇರಿಯ ಕೆಲಸ ಒಯ್ಯುವುದೆಂದರೆ ನಾಚಿಕೆಗೇಡು. ಅಲ್ಲಿ ಹಿಮದಲ್ಲಿ ಜಾರಬೇಕು, ಕಿತ್ತಳೆ ತಿನ್ನಬೇಕು, ಇಸ್ಪೀಟು ಆಡಬೇಕು, ಅಷ್ಟೆ. ಹಾಗಾಗಿ ಇದನ್ನು ಯಾರೂ ಕೇಳುವುದಿಲ್ಲ, ಯಾರೂ ಹೇಳುವುದೂ ಇಲ್ಲ. ಮಾಗ್ನೆ ಅವಳನ್ನು ಪಕ್ಕಕ್ಕೆ ಕರೆದು, ಅಲ್ಲೂ ಕೆಲಸ ಮಾಡುತ್ತೀಯಾ ಎಂದು ಕೇಳಿಯೇಬಿಟ್ಟ. ಕಳ್ಳತನದಲ್ಲಿ ಸಿಕ್ಕಿಬಿದ್ದವಳಂತೆ ಅವಳ ಕಿವಿ ಕೆಂಪಾಯಿತು. ಹೊಸ ಲ್ಯಾಪ್‌ಟಾಪ್ ಬಂದಾಗ ಹಳೆಯದನ್ನು ಹಿಂದಿರುಗಿಸದೆ ಬೆಟ್ಟದ ಮನೆಯ ಬೀರುವಿನಲ್ಲಿಟ್ಟಿದ್ದಳು. ಗಂಡ ಸೌದೆ ಒಡೆಯುವಾಗ ಕದ್ದು ತೆರೆದು ಪಟ್ಟಿಗಳನ್ನು ನೋಡುತ್ತಿದ್ದಳು. ಮೊದಲೆಲ್ಲ ಅಲ್ಲಿ ಇಂಟರ್ನೆಟ್ ಇರಲಿಲ್ಲ. ಹೋದ ಶರತ್ಕಾಲದಲ್ಲಿ ಅಳಿಯ ಹಾಕಿಸಿಕೊಟ್ಟಿದ್ದ. ಹಳೇ ಲ್ಯಾಪ್‌ಟಾಪಿನ ಗಡಿಯಾರ ಮುಂದೋಡುತ್ತಿದ್ದದ್ದರಿಂದ, ಅದು ತನ್ನ ಹಳಸಲು ಪ್ರತಿಗಳನ್ನೇ ಹೊಸವು ಎಂದುಕೊಂಡು ಕ್ಲೌಡ್‌ಗೆ ಏರಿಸುತ್ತಿತ್ತು.

ಕಾರಣ ಕೇಳಿ ಟೋರಿಲ್ ನಕ್ಕಳು, ನಗುತ್ತಲೇ ಕಣ್ಣೊರೆಸಿಕೊಂಡಳು. ಅವಳ ಮೇಲಧಿಕಾರಿ ಆನ್ನಿಕೆನ್ ಎಲ್ಲರೆದುರು ಅವಳನ್ನು ಅಪ್ಪಿಕೊಂಡಳು. ಮಹಡಿಗೆ ಮಹಡಿಯೇ ಮತ್ತೆ ಮಾತಾಡತೊಡಗಿತು.

ಅಲ್ಲಿಗೆ ಬಿಟ್ಟಿದ್ದರೆ ಆಗುತ್ತಿತ್ತು. ಆದರೆ ಮಾಗ್ನೆಯ ಜಾಯಮಾನವೇ ಹಾಗೆ: ಹಾಳಾದ ಪ್ರತಿಯೊಂದು ಫೈಲನ್ನೂ ಆ ಲ್ಯಾಪ್‌ಟಾಪಿನ ಜೊತೆ ತಾಳೆ ನೋಡಿದ. ಎಲ್ಲವೂ ಹೊಂದಿದವು, ಒಂದನ್ನು ಬಿಟ್ಟು. ಮಕ್ಕಳು ಮಳೆಯಲ್ಲಿ ನಿಂತರಲ್ಲ, ಆ ಬೋಟಿನ ಪಟ್ಟಿ. ಅದು ಅಳಿಸಿಹೋದದ್ದು ಬುಧವಾರ, ಹಾಡಹಗಲಲ್ಲಿ, ಕಚೇರಿಯ ಅವಳದೇ ಮೇಜಿನಿಂದ. ನಿಜವಾಗಿಯೂ ಅಳಿಸಬೇಕೆ ಎಂದು ಕಂಪ್ಯೂಟರ್ ಕೇಳಿತ್ತು. ಹೌದು ಎಂದು ಒತ್ತಲಾಗಿತ್ತು.

ಮುಚ್ಚಿಡಬಹುದಿತ್ತು, ಮತ್ತೆ ತೆಗೆದು ನೋಡುವವರು ಯಾರೂ ಇರಲಿಲ್ಲ. ಮಾಗ್ನೆ ಬಂದರಿನ ಕಟ್ಟೆಗುಂಟ ತಿರುಗಿದ, ಎರಡು ದಿನ ಅವಳ ಮಹಡಿಯ ಕಡೆ ತಲೆಹಾಕಲಿಲ್ಲ. ಅವಳು ಕೇಳಿದ್ದ ಪ್ರಶ್ನೆ ಮಾತ್ರ ಬಿಡಲಿಲ್ಲ. ಮೂರನೆಯ ದಿನ, ಅವಳು ಕಾಗದ ಬಿಚ್ಚಿ ಬ್ರೆಡ್ಡಿನ ಬುತ್ತಿ ಹೊರತೆಗೆಯುತ್ತಿದ್ದಾಗ, ಎದುರಿಗೆ ಬಂದು ಕೂತ.

“ಎಲ್ಲಾ ಆ ಹಳೇ ಮೆಷೀನಿಂದಾನೇ, ಟೋರಿಲ್. ಒಂದು ಬಿಟ್ಟು.”

ಯಾವುದು ಎಂದು ಅವಳು ಕೇಳಲಿಲ್ಲ. “ಬೋಟಿಂದು” ಎಂದಳು.

“ಹೂಂ.”

“ನಂಗೆ ಒಂಚೂರೂ ನೆನಪಿಲ್ಲ.”

“ಯಾರ ಕೈಯಲ್ಲಾದ್ರೂ ಆಗತ್ತೆ. ನಾನೇ ಒಂದ್ಸಲ ಇಡೀ ಇಲಾಖೇದು ಅಳಿಸಿದ್ದೆ.”

“ಅಳಿಸಿರ್ತೀಯ. ಆದ್ರೆ ನಿಂಗದು ನೆನಪಿದೆ ಅಲ್ವಾ?”

ಅವಳು ಬುತ್ತಿಯನ್ನು ಮತ್ತೆ ಕಾಗದದಲ್ಲಿ ಸುತ್ತಿಟ್ಟಳು.

ಡಾಕ್ಟರ ಹತ್ತಿರ ಇಬ್ಬರೂ ಹೋದರು. ಗಂಡನಿಗೆ ಆಮೇಲೆ ಹೇಳುವುದು ಎಂದು ಅವಳು ಹಟ ಹಿಡಿದಿದ್ದಳು. ಇದು ತಾಯಿಯ ಮರೆವೇನಾ ಎಂದರೆ ಡಾಕ್ಟರು ಹೌದೂ ಅನ್ನಲಿಲ್ಲ, ಅಲ್ಲ ಅಂತಲೂ ಅನ್ನಲಿಲ್ಲ. ಈಗಲೇ ಹೇಳಲಾಗದು, ಬೇಸಿಗೆ ಕಳೆದು ಮತ್ತೆ ಬನ್ನಿ ಎಂದರು. ವಾಪಸು ಬರುವಾಗ ಮಾಗ್ನೆ, ನಾಳೆ ನಿನ್ನ ದೂರನ್ನು ಮುಗಿಸಬೇಕು, ಆ ಒಂದರ ಬಗ್ಗೆ ಏನು ಬರೆಯಲಿ ಎಂದು ಕೇಳಿದ. ಅವಳು ಬಸ್ಸಿನ ಕಿಟಕಿಯಿಂದ ನೀರು ನೋಡುತ್ತಿದ್ದಳು.

“ಮುಗೀತು ಅಂತ ಹಾಕ್ಬೇಡ. ಹಾಕಿದ್ರೆ ನೀನು ನಮ್ಮ ಕಡೆ ಬರೋಲ್ಲ.”

ಆ ದೂರು ಇವತ್ತಿಗೂ ಅವನ ಹೆಸರಿನಲ್ಲಿ ಹಾಗೇ ಇದೆ. ಯಾಕಿನ್ನೂ ಮುಗಿಸಿಲ್ಲ ಎಂದು ಮೇಲಿನವರು ಕೇಳಿದರೆ, ನೋಡ್ತಾ ಇದ್ದೀನಿ ಎನ್ನುತ್ತಾನೆ. ಬುಧವಾರ ಬುಧವಾರ ಮೂರನೆಯ ಮಹಡಿ ಹತ್ತಿ, ಪಕ್ಕದ ಕುರ್ಚಿಯಲ್ಲಿ ಕೂತು, ಕೀಲಿಮಣೆ ಮುಟ್ಟದೆ, ದಿನಾ ಮಾಡುವ ಹಾಗೆ ಮಾಡಿ ತೋರಿಸು ಎನ್ನುತ್ತಾನೆ. ಅವಳು ತೋರಿಸುತ್ತಾಳೆ. ಇಲ್ಲಿಯವರೆಗೆ ಎಲ್ಲವನ್ನೂ ಸರಿಯಾಗಿಯೇ ತೋರಿಸಿದ್ದಾಳೆ.